ಐದು ನಿಮಿಷ ಮುಂದಿನ ಗಡಿಯಾರ

ಮನುಷ್ಯ ಬೀಳುವುದಕ್ಕೆ ಅಜಾಗರೂಕತೆಯೇ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ನಾನು ಬಿದ್ದದ್ದು ಅತಿ ಜಾಗರೂಕತೆಯಿಂದ. ಮಾನ್ವಿಯ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿ ಮೂವತ್ತು ವರ್ಷ ಸೀಟಿ ಊದಿದವನು ನಾನು. ನಿವೃತ್ತನಾಗಿ ರಾಯಚೂರಿನಲ್ಲಿ ಮನೆ ಮಾಡಿದ ಮೇಲೂ ಹೊತ್ತು ತಪ್ಪಿ ಚಹಾ ಕುಡಿದವನಲ್ಲ. ಗೋಡೆಯ ಗಡಿಯಾರವನ್ನು ಸದಾ ಐದು ನಿಮಿಷ ಮುಂದಿಡುವುದು ನನ್ನ ನೇಮ. ನಾನು ಹೊರಗೆ ಹೋದಾಗ ಹೆಂಡತಿ ಗುರುಬಸಮ್ಮ ಸ್ಟೂಲ್ ಹತ್ತಿ ಅದನ್ನು ಹಿಂದಕ್ಕೆ ತಿರುಗಿಸುತ್ತಿದ್ದಳು. ಬಂದವನೇ ನಾನು ಮುಂದಕ್ಕೆ ತಿರುಗಿಸುತ್ತಿದ್ದೆ. ಒಂದು ಮಾತೂ ಇಲ್ಲದೆ ಈ ಜಗ್ಗಾಟ ವರ್ಷಗಟ್ಟಲೆ ನಡೆದಿತ್ತು. ಹೀಗಿರಲು ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಒಂದು ಸೋಮವಾರ, ಮುಳ್ಳು ಸರಿಪಡಿಸಿ ಸ್ಟೂಲಿನಿಂದ ಇಳಿಯುವಾಗ ನೆಲವೂ ಐದು ನಿಮಿಷ ಮೊದಲೇ ಬಂದುಬಿಟ್ಟಿತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು ತೊಡೆಯೆಲುಬಿನ ಕುತ್ತಿಗೆ ಮುರಿದಿದೆ ಎಂದರು. ತೊಡೆಗೂ ಒಂದು ಕುತ್ತಿಗೆ ಇರುವುದು ನನಗೆ ಅಂದೇ ತಿಳಿದದ್ದು. ಅಷ್ಟರಲ್ಲಿ ದೇವದುರ್ಗದಿಂದ ಹೆಂಡತಿಯ ತಮ್ಮ ಶರಣಪ್ಪ ಬಸ್ಸು ಹಿಡಿದು ಬಂದ. ಎತ್ತರದ ಆಳು, ಸಲಹೆಗಳೂ ಹಾಗೆಯೇ.

"ಆಪರೇಶನ್ ಯಾಕ್ರೀ ಮಾವಾ? ನಮ್ಮ ಕಡಿ ಪಟ್ಟಿ ಕಟ್ಟಾಂವ ಒಬ್ಬಾಂವ ಅದಾನ. ಅಂವ ಕಟ್ಟಿದ್ರ ಕಾಲು ಮುರಿದ ಎತ್ತು ಸುದ್ದಾ ಹೊಲಕ್ಕ ಗಳೇ ಹೊಡ್ಯಾಕ ಹೋಗ್ತದ."

ಆ ಎತ್ತು ಎಷ್ಟು ದಿನ ಮಲಗಿತ್ತು ಎಂದು ಕೇಳಿದೆ. ಮೂರು ತಿಂಗಳಂತೆ. ಡಾಕ್ಟರು ತಮ್ಮ ದಾರಿಗಳನ್ನೂ ಹೇಳಿದರು: ಕಾಲಿಗೆ ತೂಕ ಕಟ್ಟಿ ಮಲಗಿಸಬಹುದು, ಆದರೆ ಈ ವಯಸ್ಸಿನಲ್ಲಿ ಬೆನ್ನಿಗೆ ಹುಣ್ಣು, ಎದೆಗೆ ಕಫ; ಎಲುಬು ಜರುಗದೆ ಇದ್ದಿದ್ದರೆ ಸ್ಕ್ರೂ ಸಾಕಿತ್ತು, ಜರುಗಿಬಿಟ್ಟಿದೆ; ಎಲುಬಿನ ತುದಿಯ ಗುಂಡು ತೆಗೆದು ಲೋಹದ್ದು ಕೂಡಿಸಿದರೆ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಬಹುದು. ನಾನು ಯೋಚಿಸಿದೆ. ಮೂರು ತಿಂಗಳು ನಾನು ಅಂಗಾತ, ಗಡಿಯಾರ ಅವಳ ಕೈಯಲ್ಲಿ. ಗುಂಡೇ ಇರಲಿ ಎಂದೆ.

ಆದರೂ ಒಳಗೆ ಒಯ್ಯುವಾಗ, "ನಾ ಮತ್ತ ನಡೀತೀನೇನು?" ಎಂದು ಹೆಂಡತಿಯನ್ನು ಕೇಳಿದೆ. ಆ ದನಿಯಲ್ಲಿ ಸೀಟಿ ಇರಲಿಲ್ಲ.

"ನಡೀರಿ ಸುಮ್ನ. ನೀವು ಮಲಗೇ ಇದ್ರ ದಿನಾ ಗಂಟಿ ಎಷ್ಟಾತು ಅಂತ ನನ್ನೇ ಕೇಳ್ತೀರಿ" ಎಂದಳು. ಕೈ ಮಾತ್ರ ಬಿಡಲಿಲ್ಲ.

ನಡೆದೆ. ಮನೆಗೆ ಕಳಿಸುವ ದಿನ ಡಾಕ್ಟರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಬಾರದು, ಕುಕ್ಕರುಗಾಲಲ್ಲಿ ಕೂಡಬಾರದು ಎಂದೆಲ್ಲ ಹೇಳುತ್ತಿದ್ದರು. ಗುರುಬಸಮ್ಮ ಬಹಳ ಮುಗ್ಧಳಾಗಿ ಕೇಳಿದಳು:

"ಸ್ಟೂಲ್ ಹತ್ತಬಹುದೇನ್ರಿ?"

"ಜನ್ಮದಾಗ ಹತ್ತಬಾರದ್ರಿ ಯವ್ವಾ."

"ಇನ್ನೊಮ್ಮಿ ಗಟ್ಟಿಯಾಗಿ ಹೇಳ್ರಿ, ಅವರಿಗೆ ಕೇಳಿಸ್ಲಿ."

ಈಗ ನಮ್ಮ ಗಡಿಯಾರ ಹತ್ತು ನಿಮಿಷ ಹಿಂದಿದೆ. ಇದು ನನಗೆ ಗೊತ್ತು. ದಿಂಬಿನ ಪಕ್ಕದಲ್ಲಿ ಮೊಬೈಲ್ ಇದೆ. ಬೆಳಿಗ್ಗೆ ಆರಕ್ಕೆ ಎಚ್ಚರವಾಗುತ್ತದೆ. ಗೋಡೆ ನೋಡುತ್ತೇನೆ, ಇನ್ನೂ ಆರಾಗಿಲ್ಲ. ಮನೆಯ ನಿಯಮ ಮುರಿಯಬಾರದೆಂದು ಮಗ್ಗುಲಾಗುತ್ತೇನೆ. ಆ ಹತ್ತು ನಿಮಿಷದ ನಿದ್ದೆಯ ರುಚಿ ಮೂವತ್ತು ವರ್ಷ ನನಗೆ ಯಾರೂ ಹೇಳಿರಲಿಲ್ಲ.

ಮೊನ್ನೆ ಶರಣಪ್ಪ ಬಂದಿದ್ದ. ಗಡಿಯಾರ ನೋಡಿದ, ಕೈಗಡಿಯಾರ ನೋಡಿದ. ಸ್ಟೂಲ್ ಇಲ್ಲದೆಯೇ ಕೈಯೆತ್ತಿ, "ಹಿಂದ ಅದಲ್ರೀ ಮಾವಾ, ಸರಿ ಮಾಡ್ಲೇನು?" ಎಂದ.

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು.

"ಬ್ಯಾಡಪಾ," ಎಂದೆ, "ಡಾಕ್ಟರು ಬ್ಯಾಡ ಅಂದಾರ."