ಇಲ್ಲದ ಚಿಕ್ಕಪ್ಪನ ಸೀಟು

ನನ್ನ ಚಿಕ್ಕಪ್ಪ ಇಲ್ಲ! ಗಾಬರಿಯಾಗಬೇಡಿ, ಗಟ್ಟಿಮುಟ್ಟಾಗಿದ್ದಾರೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ದಿನಕ್ಕೆ ನಾಲ್ಕು ಚಹಾ ಕುಡಿಯುತ್ತಾರೆ. ತಾನು ಇಲ್ಲ ಅನ್ನುವುದು ಅವರದೇ ವಾದ. ಕಳ್ವಾ ಎಂಬ ಊರಿನಲ್ಲಿ ಲೋಕಲ್ ರೈಲು ರಿಪೇರಿ ಮಾಡುವ ಕಾರ್‌ಶೆಡ್ಡಿನಲ್ಲಿ ಜೀವಮಾನವಿಡೀ ವೈರು ಜೋಡಿಸಿ ನಿವೃತ್ತರಾದವರು, ಈಗ ಬುದ್ಧನಿಗೂ ಭೌತಶಾಸ್ತ್ರಕ್ಕೂ ವೈರು ಜೋಡಿಸುತ್ತಿದ್ದಾರೆ. ಶಾಕ್ ಹೊಡೆಸಿಕೊಳ್ಳುವವನು ಮಾತ್ರ ನಾನು.

"ಬುದ್ಧ ಕೂತಲ್ಲೇ ಕಂಡದ್ದನ್ನು ಈಗಿನವರು ಯಂತ್ರ ಇಟ್ಟು ಹುಡುಕುತ್ತಾರೆ ಮಾರಾಯ. ಅಣುವಿನ ಒಳಗೆ ಎಂತ ಉಂಟು? ಹೆಚ್ಚುಕಡಿಮೆ ಖಾಲಿ! 'ನಾನು' ಅನ್ನುವುದೂ ಹಾಗೇ."

"ಹಾಗಾದರೆ ನನ್ನ ಪಾಲಿನ ನೀರುದೋಸೆ ತಿಂದದ್ದು ಯಾರು?"

"ತಿನ್ನುವುದು ನಡೆಯಿತು. ತಿಂದವರು ಯಾರೂ ಇಲ್ಲ."

ಇಂಥವರ ಜೊತೆ ಬಾಳುವುದು ಹೇಗೆ, ನೀವೇ ಹೇಳಿ! ಕಳೆದ ಮಳೆಗಾಲದಲ್ಲಿ ಗೋಡೆ ಸೋರುತ್ತದೆಂದು ಕಾಡಿಬೇಡಿ ನಮ್ಮ ಕಟ್ಟಡದ ಸೊಸೈಟಿಯ ಸೆಕ್ರೆಟರಿಯನ್ನು ಮನೆಗೆ ಕರೆತಂದೆ. ನಾನು ಚಹಾ ಮಾಡಿ ತರುವಷ್ಟರಲ್ಲಿ ಚಿಕ್ಕಪ್ಪ ಅವರಿಗೆ ಶೂನ್ಯತತ್ವ ಬೋಧಿಸಿಯಾಗಿತ್ತು. ಸೆಕ್ರೆಟರಿ ಖುಷಿಯಿಂದ ಎದ್ದರು: "ಕಾಕಾ ಬೋಲಾ ನಾ, ದೀವಾರ್ ಹೈಚ್ ನಹೀಂ! ಫಿರ್ ರಿಪೇರಿ ಕಿಸ್ಕಾ?" ಗೋಡೆಯೇ ಇಲ್ಲವೆಂದು ಕಾಕಾ ಹೇಳಿದ ಮೇಲೆ ರಿಪೇರಿ ಯಾವುದಕ್ಕಂತೆ! ಆ ಗೋಡೆಯ ಕೆಳಗೆ ಇಟ್ಟ ಬಕೆಟ್ಟು ಇವತ್ತಿಗೂ ಅಲ್ಲೇ ಇದೆ.

ಅಷ್ಟರಲ್ಲಿ ನನ್ನ ಸೊಂಟ ಹಿಡಿಯಿತು. ಒಂದು ತಿಂಗಳು ದಿನಾ ಥಾಣೆಗೆ ಬಂದು ಚಿಕಿತ್ಸೆ ತೆಗೆದುಕೊಳ್ಳಿ, ರೈಲಿನಲ್ಲಿ ನಿಂತು ಧಕ್ಕೆ ತಿಂದರೆ ಆಪರೇಷನ್ನೇ ಗತಿ ಎಂದರು ಡಾಕ್ಟರು. ಬೆಳಗಿನ ಲೋಕಲ್ಲಿನಲ್ಲಿ, ಡೊಂಬಿವಲಿಯಲ್ಲಿ ಹತ್ತಿದವನಿಗೆ ಸೀಟೇ? ಒಂದು ಕಾಲಿಡಲು ಜಾಗ ಸಿಕ್ಕರೆ ಪುಣ್ಯ!

"ನಂಗೂ ಥಾಣೆಯ ಲೈಬ್ರರಿಯಲ್ಲಿ ಕೆಲಸ ಉಂಟು. ನೀನು ಲೋಕಲ್ಲಿನ ನಡುವಿನ ಡಬ್ಬಿಗೆ ಹತ್ತು," ಎಂದರು ಚಿಕ್ಕಪ್ಪ.

ಮರುದಿನ ನಾನೇಳುವ ಹೊತ್ತಿಗೆ ಆಸಾಮಿ ನಾಪತ್ತೆ! ಅವರನ್ನು ಬೈದುಕೊಳ್ಳುತ್ತಾ, ಸೊಂಟ ಹಿಡಿದುಕೊಂಡು ಒಬ್ಬನೇ ಸ್ಟೇಷನ್ನಿಗೆ ನಡೆದೆ. ಹೇಗೋ ಡಬ್ಬಿಯೊಳಗೆ ನುಗ್ಗಿದರೆ, ಮಹಾಶಯರು ಆರಾಮವಾಗಿ ಕೂತು ಪಕ್ಕದವನಿಗೆ ಎಲೆಕ್ಟ್ರಾನಿನ ಪಾಠ ಹೇಳುತ್ತಿದ್ದಾರೆ. ನನ್ನನ್ನು ಕಂಡವರೇ ಎದ್ದರು.

"ಕೂತ್ಕೋ. ಇಲ್ಲಿ ಯಾರೂ ಇರಲಿಲ್ಲ."

ತಿಂಗಳಿಡೀ ಇದೇ ಕಥೆ. ಮುದುಕನನ್ನು ಎಬ್ಬಿಸಿ ಕೂರುವವನೆಂದು ಜನ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಅವಮಾನ ಬೇರೆ!

ಕೊನೆಯ ದಿನ ಆ ಪಕ್ಕದವನೇ ನನ್ನ ಕಿವಿಯಲ್ಲಿ ಹೇಳಿದ: "ಕಾಕಾ ರೋಜ್ ಡೊಂಬಿವಲಿ ಸೇ ಉಲ್ಟಾ ಕಲ್ಯಾಣ್ ಆತೇ ಹೈಂ. ಆಪ್ ಕೇ ವಾಸ್ತೇ ಸೀಟ್ ಪಕಡ್ನೇ."

ದಿನಾ ನಸುಕಿಗೇ ಎದ್ದು, ಹಿಮ್ಮುಖವಾಗಿ ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಹೊರಡುವ ಖಾಲಿ ರೈಲಿನಲ್ಲಿ ಸೀಟು ಹಿಡಿದು, ಆಮೇಲೆ ಥಾಣೆಯವರೆಗೆ ನಿಂತೇ ಬರುವುದು! ಅಷ್ಟು ಹೊತ್ತಿಗೆ ಯಾವ ಲೈಬ್ರರಿ ತೆರೆದಿರುತ್ತದೆ? ನನಗೇಕೆ ಹೊಳೆಯಲಿಲ್ಲ? ಥಾಣೆಯಲ್ಲಿ ಇಳಿದಾಗ ಮೊದಲ ಸಲ ಅವರ ಪಾದ ನೋಡಿದೆ. ಚಪ್ಪಲಿಯ ಪಟ್ಟಿ ಒತ್ತುವಷ್ಟು ಊದಿಕೊಂಡಿದ್ದವು. ಅವರ ತೋಳು ಹಿಡಿದು ಪಕ್ಕಕ್ಕೆ ನಿಲ್ಲಿಸಿದೆ. ಸಿಟ್ಟೂ ಬಂತು.

"ನೀವೂ ಇಲ್ಲ, ನಾನೂ ಇಲ್ಲ ಅಂತೀರಲ್ಲ! ಮತ್ತೆ ಈ ಸೀಟು ಹಿಡಿದದ್ದು ಯಾರಿಗೆ?"

ಚಿಕ್ಕಪ್ಪ ನನ್ನ ಚೀಲ ಇಸಿದುಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು.

"ನೀನು ಇಲ್ಲದಿರಬಹುದು ಮಗಾ," ಎಂದರು. "ನೋವು ಉಂಟಲ್ಲ."