ಹನ್ನೆರಡು ಕೋಟುಗಳೂ ಒಂದು ‘ಆಲ್ದೋ’ವೂ

ಒಂದೇ ವಾರದಲ್ಲಿ ಇಂಗ್ಲಿಷಿನ ಸಮಸ್ತ ಜೋಡಿಸುವ ಪದಗಳನ್ನೂ ಹೆಡೆಮುರಿ ಕಟ್ಟಿ ಕಾಲ ಬಳಿ ಕೆಡವುತ್ತೇನೆಂದು ನಾನು ಶಪಥ ಮಾಡಿದ್ದು ಸೋಮವಾರ ಬೆಳಗ್ಗೆ. ಕಾರಣ ನಮ್ಮ ಮ್ಯಾನೇಜರು. ಗ್ರಾಹಕರ ದೂರುಗಳಿಗೆ ಉತ್ತರ ಬರೆಯುವುದು ಕಚೇರಿಯಲ್ಲಿ ನನ್ನ ಕೆಲಸ. ನನ್ನ ಪತ್ರವೊಂದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು ಅವರು ಕೇಳಿದರು: “ಏನ್ರೀ ಇದು? ನಿಮ್ಮ ಒಂದು ವಾಕ್ಯಕ್ಕೂ ಇನ್ನೊಂದು ವಾಕ್ಯಕ್ಕೂ ಮಾತುಕತೆನೇ ಇಲ್ವಾ? ಲಿಫ್ಟಲ್ಲಿ ನಿಂತ ಅಪರಿಚಿತರ ಹಾಗಿವೆಯಲ್ಲ!”

ಊಟದ ಬಿಡುವಿನಲ್ಲೇ ಹೋಗಿ ಪುಸ್ತಕ ತಂದೆ. ತೆರೆದೆ. ತಲೆ ಗಿರ್ರೆಂದಿತು! ‘ಬಿಕಾಸ್’ ಹೇಳುವುದೂ ಕಾರಣ, ‘ಸಿನ್ಸ್’ ಹೇಳುವುದೂ ಕಾರಣ. ಆದರೆ ಎದುರಿನವರಿಗೆ ಮೊದಲೇ ಗೊತ್ತಿರುವ ಕಾರಣವಾದರೆ ಹೆಚ್ಚಾಗಿ ‘ಸಿನ್ಸ್’, ಹೊಸದಾಗಿ ತಿಳಿಸುವುದಾದರೆ ‘ಬಿಕಾಸ್’. ‘ಆಲ್ದೋ’ ಬಂದರೆ ಕರ್ತೃ, ಕ್ರಿಯಾಪದ ಎಂದು ಇಡೀ ಸಂಸಾರವೇ ಜೊತೆಗೆ ಬರಬೇಕು; ‘ಡಿಸ್ಪೈಟ್’ಗೆ ಒಂದು ನಾಮಪದ ಸಿಕ್ಕರೆ ಸಾಕು, ತೃಪ್ತ ಜೀವ. ‘ಅನ್‌ಲೆಸ್’ ಹೊಟ್ಟೆಯಲ್ಲೇ ಒಂದು ‘ಇಲ್ಲ’ ಇಟ್ಟುಕೊಂಡು ಹುಟ್ಟಿದೆ. ಪಕ್ಕದಲ್ಲಿ ಇನ್ನೊಂದು ‘ನಾಟ್’ ಇಟ್ಟಿರೋ, ಕೆಟ್ಟಿರಿ! ಇಷ್ಟು ಪುಟ್ಟ ಪದಗಳಿಗೆ ಇಷ್ಟೊಂದು ಗತ್ತೇ ಎಂದು ನಿಜಕ್ಕೂ ಬೆರಗಾದೆ.

ಕಣ್ಣು ಹೋದಲ್ಲೆಲ್ಲ ಪದ ಕಾಣಬೇಕು, ಆಗಲೇ ಅದು ತಲೆಗೆ ಹತ್ತುವುದು! ಮಂಗಳವಾರ ರಜೆ ಹಾಕಿದೆ. ನನ್ನ ಹೆಂಡತಿ ಟೈಲರ್. ಗುಂಡಿ ತರಲು ಅಂಗಡಿಗೆ ಹೋಗಿದ್ದಳು. ಅವಳ ಹೊಲಿಗೆ ಮೇಜಿನ ಡ್ರಾಯರಿನಲ್ಲಿ ಗಟ್ಟಿ ಕಾರ್ಡುಗಳ ಕಟ್ಟೊಂದು ಸಿಕ್ಕಿತು. ಒಂದು ಬದಿಯಲ್ಲಿ ಪೆನ್ಸಿಲಿನ ಮಸುಕು ಅಂಕಿಗಳು, ಇನ್ನೊಂದು ಬದಿ ಖಾಲಿ. ಯಾವುದೋ ಹಳೆಯದೆಂದುಕೊಂಡು ಖಾಲಿ ಬದಿಯಲ್ಲಿ ಒಂದೊಂದು ಪದ ಬರೆದು, ಅಂಕಿಯ ಬದಿಗೆ ಧಾರಾಳವಾಗಿ ಗೋಂದು ಬಳಿದೆ. ಫ್ರಿಜ್ಜಿಗೆ ‘ಆಲ್ದೋ’, ಕನ್ನಡಿಗೆ ‘ದೇರ್‌ಫೋರ್’, ಅಡುಗೆಮನೆಯ ಕಿಟಕಿ ಗಾಜಿಗೆ ‘ಅನ್‌ಲೆಸ್’!

“ರೀ, ಫ್ರಿಜ್ಜಿಗೆ ಏನಂಟಿಸಿದ್ದೀರಿ?” ಗುಂಡಿ ತಂದವಳು ಬಾಗಿಲಲ್ಲೇ ಕೇಳಿದಳು.

“ಜ್ಞಾನ ಕಣೇ, ಜ್ಞಾನ!”

“ಕಾರ್ಡ್ ಎಲ್ಲಿ ಸಿಕ್ತು?”

“ನಿನ್ನ ಡ್ರಾಯರಲ್ಲಿ. ಯಾವುದೋ ಹಳೇದು...”

“ಹಳೇದಾ? ನಿನ್ನೆ ಮಧ್ಯಾಹ್ನ ಆಸ್ಪತ್ರೆಗೆ ಹೋಗಿ ತಗೊಂಡ ಅಳತೆ ಕಣ್ರೀ ಅದು! ಹನ್ನೆರಡು ನರ್ಸುಗಳ ಕೋಟು, ಶನಿವಾರ ಸಂಜೆಗೆ ಕೊಡ್ಬೇಕು!”

ಮೂರು ವರ್ಷ ಆ ಆಸ್ಪತ್ರೆಗೆ ಅಲೆದು ಅವಳು ಗಿಟ್ಟಿಸಿದ ಮೊದಲ ದೊಡ್ಡ ಆರ್ಡರ್ ಅದು. ಬಿಸಿನೀರು, ಚಮಚ, ಉಗುರು ಎಲ್ಲ ಪ್ರಯೋಗಿಸಿದೆ. ಕಾರ್ಡು ಪದರ ಪದರವಾಗಿ ಕಿತ್ತು ಬಂತು, ಅಂಕಿಗಳು ಮುದ್ದೆಯಾದವು. ಕಿಟಕಿ ಗಾಜಿನದ್ದನ್ನು ಮಾತ್ರ ಹೊರಗೆ ನಿಂತು ಓದಬಹುದಿತ್ತು.

“ಇನ್ನೊಂದ್ಸಲ ಎಲ್ಲರ ಅಳತೆ ತಗೊಂಡು ಬಂದ್ರೆ?” ಎಂದೆ.

“ಅಳತೆನೇ ಜೋಪಾನ ಮಾಡ್ಲಾರದವಳು ಬಟ್ಟೆ ಏನು ಹೊಲಿದಾಳು ಅಂತ ಆರ್ಡರ್ ವಾಪಸ್ ತಗೋತಾರೆ. ಸುಮ್ನೆ ಪೆನ್ ಹಿಡ್ಕೊಳ್ಳಿ.”

ಅವಳು ಕಣ್ಣು ಮುಚ್ಚಿ ಕುಳಿತಳು. “ಹಿರಿಯ ನರ್ಸ್. ಎಡ ಭುಜ ಅರ್ಧ ಇಂಚು ಇಳಿದಿದೆ, ಯಾಕಂದ್ರೆ ಯಾವಾಗ್ಲೂ ಆ ಕಡೆಗೇ ಬ್ಯಾಗು. ಆದ್ರೂ ಒಳಗೆ ಪ್ಯಾಡ್ ಬೇಡ ಅಂದ್ರು, ಸೆಕೆಯಂತೆ. ಅದಕ್ಕೇ ಹೊಲಿಗೆನೇ ಇಳಿಸ್ಬೇಕು, ಇಲ್ಲಾಂದ್ರೆ ಕಾಲರ್ ಎಳೆಯುತ್ತೆ. ಎದೆ ಮೂವತ್ತೆಂಟು, ಉದ್ದ ನಲವತ್ತೂಕಾಲು. ಬರ್ಕೊಂಡ್ರಾ?”

ಹೊರಗೆ ಓಡಿ ಕಿಟಕಿಯ ಕಾರ್ಡು ನೋಡಿದೆ. ಎದೆ ಮೂವತ್ತೆಂಟು, ಉದ್ದ ನಲವತ್ತೂಕಾಲು; ಅದೇ ಹಿರಿಯ ನರ್ಸಿನದ್ದು. ಕಾಲು ಇಂಚೂ ತಪ್ಪಿಲ್ಲ! ಅವಳು ಅಂಕಿಗಳನ್ನು ಬಾಯಿಪಾಠ ಮಾಡಿರಲಿಲ್ಲ. ಒಬ್ಬೊಬ್ಬರನ್ನೂ ಕಾರಣ ಸಮೇತ ನೋಡಿದ್ದಳು. ನಾನು ಪುಸ್ತಕದಲ್ಲಿ ಹುಡುಕುತ್ತಿದ್ದ ಜೋಡಣೆಯೆಲ್ಲ ಅವಳ ಒಂದೇ ಉಸಿರಿನಲ್ಲಿ ಸರಾಗವಾಗಿ ಹರಿದು ಹೋಗಿತ್ತು. ಗಾಜಿನಾಚೆ ಕಣ್ಣು ಮುಚ್ಚಿ ಕುಳಿತ ಅವಳನ್ನು ನೋಡುತ್ತ ಬಾಯಿ ತೆರೆದುಕೊಂಡೇ ನಿಂತೆ.

ಹೀಗೆ ಹನ್ನೊಂದು ಅಳತೆ ಬಂದವು. ಹನ್ನೆರಡನೆಯದಕ್ಕೆ ಅವಳು ತಡವರಿಸಿದಳು.

“ಇವರದ್ದು ನೆನಪಿಲ್ಲ.”

“ಅಯ್ಯೋ, ಯಾಕೆ?”

“ಅಳತೆ ತಗೊಳ್ತಿರುವಾಗ್ಲೇ ನೀವು ಫೋನ್ ಮಾಡಿ ‘ಬಟ್’ಗೂ ‘ಹೌಎವರ್’ಗೂ ಏನು ವ್ಯತ್ಯಾಸ ಗೊತ್ತಾ ಅಂತ ಅರ್ಧ ಗಂಟೆ ಕೊರೆದ್ರಿ!”

ಒಬ್ಬರದ್ದಷ್ಟೇ ಆದರೆ ಸುದ್ದಿಯಾಗದೆಂದು ಟೇಪನ್ನು ಕೊರಳಿಗೆ ಹಾಕಿಕೊಂಡು ಆಸ್ಪತ್ರೆಗೆ ಹೊರಟೆ. ಚುಚ್ಚುಮದ್ದಿನ ಕೋಣೆಯಲ್ಲಿದ್ದ ಆ ನರ್ಸ್, “ಮತ್ತೆ ಯಾಕೆ ಅಳತೆ?” ಎಂದಳು. ‘ಬಿಕಾಸ್’ ಎಂದೆ. ಮಾನ ಹೋಗುವ ಕಾರಣ, ನುಂಗಿಕೊಂಡೆ. ‘ಸಿನ್ಸ್’ ಎಂದೆ. ‘ಆಲ್ದೋ’ ಎಂದೆ. ಮುಂದೆ ದಾರಿ ಕಾಣಲಿಲ್ಲ.

ಅವಳು ನಕ್ಕಳು. “ಬಿಡಿ ಸರ್, ನಿಮ್ಮನೆಯವ್ರು ಫೋನ್ ಮಾಡಿದ್ರು. ಕಾರಣ ಮಾತ್ರ ಕೇಳ್ಬೇಡಿ, ನಿಮ್ಮ ಡ್ಯೂಟಿ ಮುಗಿದ್ರೂ ಅವರು ಹೇಳಿ ಮುಗಿಸಲ್ಲ ಅಂದ್ರು. ಟೇಪಿನ ಈ ತುದಿ ಹಿಡ್ಕೊಳ್ಳಿ ಸಾಕು, ನಾನೇ ಅಳತೆ ತಗೋತೀನಿ.”

ಶನಿವಾರ ಸಂಜೆ ಹನ್ನೆರಡು ಕೋಟೂ ಹನ್ನೆರಡು ಮೈಗೂ ಅಚ್ಚುಕಟ್ಟಾಗಿ ಕೂತವು. ಹಿರಿಯ ನರ್ಸ್ ಎಡ ಭುಜವನ್ನೊಮ್ಮೆ ಸವರಿ ನೋಡಿಕೊಂಡು, ಪಕ್ಕದ ವಾರ್ಡಿನ ಕೋಟುಗಳನ್ನೂ ನೀವೇ ಹೊಲಿದುಕೊಡಿ ಎಂದರು.

“ಐದೇ ದಿನದಲ್ಲಿ ಹನ್ನೆರಡು! ಯಜಮಾನ್ರೂ ಸಹಾಯ ಮಾಡಿರ್ಬೇಕು, ಅಲ್ವಾ?”

ಹೆಂಡತಿ ನನ್ನ ಕಡೆ ತಿರುಗಿದಳು. ನಾನು ಮೆಲ್ಲಗೆ ಎದೆ ಸೆಟೆಸಿದೆ.

“ತುಂಬಾ ಮಾಡಿದ್ರು ಮೇಡಂ,” ಎಂದಳು. “ಬುಧವಾರದಿಂದ ಇವತ್ತಿನವರೆಗೂ ಇವರು ಏನನ್ನೂ ಮುಟ್ಟಲಿಲ್ಲ!”