ಶಾಮಿಯಾನ ಬಿಚ್ಚುವ ಮೊದಲು

ಹಾಸನದಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು ಸುಮ್ಮನೆ ಕೂತಿದ್ದಷ್ಟು ಕಾಲ ನನಗೆ ಹೇಳಿಕೊಳ್ಳುವಂಥದ್ದೇನೂ ಆಗುತ್ತಿರಲಿಲ್ಲ. ನಲವತ್ತು ದಾಟಿದ ಮೇಲೆ, ಸಕ್ಕರೆ ಕಾಯಿಲೆ ನನ್ನನ್ನು ಹುಡುಕಿಕೊಂಡು ಬರುವ ಮೊದಲೇ ಓಡಿಬಿಡೋಣ ಅಂತ ಸೈಕಲ್ ಹತ್ತಿ ಒಂದು ಗುಂಪು ಸೇರಿಕೊಂಡೆ ನೋಡಿ, ಅಲ್ಲಿಂದಾಚೆಗೆ ವಾರಕ್ಕೊಂದಾದರೂ ಆಗುತ್ತಲೇ ಇದೆ.

ನಮ್ಮ ಗುಂಪಿನ ಮುಖಂಡರು ರಿಟೈರಾದ ಒಬ್ಬ ಡ್ರಿಲ್ ಮೇಷ್ಟ್ರು. ಶಾಲೆ ಬಿಟ್ಟರೂ ಕೊರಳಿನ ಸೀಟಿ ಬಿಟ್ಟಿಲ್ಲ. ಉಳಿದವರಲ್ಲಿ ಇಬ್ಬರನ್ನು ನೆನಪಿಟ್ಟುಕೊಂಡರೆ ಸಾಕು: ಆಲೂಗಡ್ಡೆ ಮಂಡಿಯ ಯಜಮಾನರು, ಯಾವಾಗಲೂ ಮುಂದೆ, ಚನ್ನರಾಯಪಟ್ಟಣದ ಪಾತ್ರೆ ಅಂಗಡಿಯ ಜೈನರೊಬ್ಬರು, ಯಾವಾಗಲೂ ಹಿಂದೆ. ವರ್ಷಕ್ಕೊಂದು ಸಲ, ಮಳೆ ನಿಂತು ರಸ್ತೆ ಒಣಗಿದ ಮೇಲೆ, ಹಾಸನದಿಂದ ಹೊರಟು ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ರೇಸು. ಗೆಲ್ಲಬೇಕೆಂಬ ಆಸೆ ನನಗೆ ಎಂದೂ ಇರಲಿಲ್ಲ. ಒಂದು ಸಲ, ಒಂದೇ ಒಂದು ಸಲ, ಗುಂಪಿನ ಜೊತೆಗೇ ಅರಕಲಗೂಡು ಮುಟ್ಟಬೇಕು ಅನ್ನುವುದಷ್ಟೇ ಕನಸು. ಆ ಕನಸಿನ ದಾರಿಯಲ್ಲಿ ನಡೆದ ಸಂಗತಿಗಳಿವು.

ಬೆನ್ನಿನ ಪರಿಚಯ

ಗುಂಪಿನಲ್ಲಿ ಸೈಕಲ್ ಓಡಿಸುವುದರ ಗುಟ್ಟೆಲ್ಲ ಇಷ್ಟೇ: ಮುಂದಿನವರ ಚಕ್ರಕ್ಕೆ ಒಂದು ಮೊಳ ಬಿಟ್ಟು ಅಂಟಿಕೊಂಡಿರುವುದು. ಎದುರುಗಾಳಿಯನ್ನು ಅವರು ಸೀಳುತ್ತಾರೆ, ನಾವು ಅವರ ಮರೆಯಲ್ಲಿ ಅರ್ಧ ಶ್ರಮಕ್ಕೆ ತೇಲಿಕೊಂಡು ಹೋಗುತ್ತೇವೆ. ಮೊದಲ ದಿನವೇ ಮೇಷ್ಟ್ರು ಹೇಳಿಬಿಟ್ಟಿದ್ದರು.

"ನೋಡಮ್ಮ, ಮುಂದಿನ ಚಕ್ರ ಬಿಟ್ಟು ಕಣ್ಣು ಆಚೀಚೆ ಹೋಗಬಾರ್ದು. ಅದು ಎಲ್ಲಿಗೆ ಹೋಗ್ತಿದೆ ಅಂತ ಕೇಳೋದು ನಮ್ ಕೆಲಸ ಅಲ್ಲ."

ನಾನು ಆರಿಸಿಕೊಂಡದ್ದು ಮಂಡಿ ಯಜಮಾನರ ಬೆನ್ನನ್ನು. ಗೋಡೌನಿನ ಬಾಗಿಲಿನಷ್ಟು ಅಗಲ, ಅದರ ಮೇಲೊಂದು ಹಳದಿ ಬನಿಯನ್. ಬೆಳಗಿನ ಮಂಜಿನಲ್ಲಿ ಹಾಸನ ದಾಟಿದರೆ ರಸ್ತೆ ಕಾಣಿಸದು, ಮರ ಕಾಣಿಸದು. ಚಕ್ರಗಳ ಜುಂಯ್ ಎನ್ನುವ ಸದ್ದು ಮಾತ್ರ ಸುತ್ತಲೂ ತುಂಬಿಕೊಂಡು, ಎದುರಿಗೆ ಆ ಹಳದಿ ತೇಲುತ್ತಿರುತ್ತದೆ. ಕಾಲು ತನ್ನಷ್ಟಕ್ಕೆ ತಿರುಗುತ್ತಿರುತ್ತದೆ. ನಾನು ಎಚ್ಚರದಲ್ಲಿದ್ದೇನೋ ನಿದ್ದೆಯಲ್ಲಿದ್ದೇನೋ ನನಗೇ ತಿಳಿಯುತ್ತಿರಲಿಲ್ಲ. ಎಷ್ಟೋ ಸಲ ಚಿಕ್ಕಂದಿನ ಉಯ್ಯಾಲೆಯಿಂದ ಇಳಿದು ನೋಡಿದರೆ ಹೊಳೆನರಸೀಪುರ ಬಂದಿರುತ್ತಿತ್ತು.

ಹೀಗೆ ತಿಂಗಳುಗಟ್ಟಲೆ ಹಿಂದೆ ಹೋದವಳಿಗೆ ಅವರ ಮುಖ ಸರಿಯಾಗಿ ನೋಡುವ ಅವಕಾಶವೇ ಆಗಿರಲಿಲ್ಲ. ಇದ್ದ ಮುಖವನ್ನೂ ಹೆಲ್ಮೆಟ್ಟು, ಕಪ್ಪು ಕನ್ನಡಕ ಮುಚ್ಚಿರುತ್ತಿದ್ದವು. ಒಂದು ದಿನ ಅಂಗಡಿಗೆ ಗಂಡ ಹೆಂಡತಿ ಬಂದರು. ಗಂಡನಿಗೆ ಓದುವ ಕನ್ನಡಕ ಬೇಕಿತ್ತು. ನಾನು ಯಾರೋ ಗಿರಾಕಿಯನ್ನು ಕೂರಿಸುವ ಹಾಗೆ ಕೂರಿಸಿ, ಅಕ್ಷರ ಓದಿಸಿ, ಫ್ರೇಮು ತೋರಿಸಿ, ಬುಧವಾರ ಬನ್ನಿ ಅಂದೆ. ಆಯಪ್ಪ ನನ್ನನ್ನೇ ನೋಡಿ ನಗುತ್ತಿದ್ದರು. ಕಣ್ಣಿನ ದೋಷ ಇರಬಹುದು ಅಂದುಕೊಂಡೆ. ಎದ್ದು ಬಾಗಿಲ ಕಡೆ ತಿರುಗಿದರು ನೋಡಿ, ಮಂಜು ಹರಿದ ಹಾಗಾಯಿತು.

"ಅಯ್ಯೋ ಯಜಮಾನ್ರೇ, ನೀವಾ? ತಿರುಗೋವರೆಗೂ ಗೊತ್ತೇ ಆಗ್ಲಿಲ್ಲ ನೋಡಿ. ಈ ಬೆನ್ನು ಮಾತ್ರ ಸಾವಿರ ಜನದಲ್ಲಿದ್ರೂ ಹಿಡೀತೀನಿ."

ಅವರ ಹೆಂಡತಿ ಹೊಸ್ತಿಲ ಮೇಲೆ ನಿಂತು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಬುಧವಾರ ಕನ್ನಡಕ ತೆಗೆದುಕೊಂಡು ಹೋಗಲು ಆಕೆ ಒಬ್ಬರೇ ಬಂದರು.

ಮೋರಿ ಕಟ್ಟೆಯ ನಮಸ್ಕಾರ

ಗುಂಪಿನಲ್ಲಿ ಹಿಂದಿನವರಿಗೆ ರಸ್ತೆ ಕಾಣುವುದಿಲ್ಲವಲ್ಲ, ಅದಕ್ಕೆ ಕೈಸನ್ನೆಗಳಿವೆ. ಮುಂದಿನವರು ಕೈ ಮೇಲೆತ್ತಿದರೆ ನಿಧಾನಿಸಿ ಅಂತ ಅರ್ಥ. ನೋಡಿದವರು ತಾವೂ ಎತ್ತಿ ಹಿಂದಿನವರಿಗೆ ದಾಟಿಸಬೇಕು. ಕೊನೆಯವರವರೆಗೆ ಕೈಗಳು ಒಂದೊಂದಾಗಿ ಏಳುವುದನ್ನು ದೂರದಿಂದ ನೋಡಿದರೆ ಗಾಳಿಗೆ ಜೋಳದ ಹೊಲ ಆಡಿದ ಹಾಗಿರುತ್ತದೆ.

ಆದರೆ ನಮ್ಮ ಕಡೆ ರಸ್ತೆಯಲ್ಲಿ ನೆಂಟರಿಲ್ಲದ ಜಾಗ ಎಲ್ಲಿದೆ? ಒಂದು ಭಾನುವಾರ ಚನ್ನರಾಯಪಟ್ಟಣದ ಕಡೆ ಹೊರಟಿದ್ದೆವು. ಮಂಡಿ ಯಜಮಾನರು ಮುಂದೆ. ಒಂದು ಹಳ್ಳಿಯ ಮೋರಿ ಕಟ್ಟೆ ಮೇಲೆ ಅವರ ಷಡ್ಡಕ ಬೀಡಿ ಸೇದುತ್ತಾ ಕೂತಿದ್ದ. ಹೆಂಡತಿಯ ತಂಗಿಯ ಗಂಡ, ಮಾತಾಡಿಸದೆ ಹೋದರೆ ಮನೆಯಲ್ಲಿ ರಾಮಾಯಣ ಆಗುತ್ತದೆ ಅಂತ ಇವರು ಕೈ ಎತ್ತಿದರು. ಅವರ ಹಿಂದೆ ನಾನು ಎತ್ತಿದೆ. ನನ್ನ ಹಿಂದಿನವರು ಎತ್ತಿದರು. ಒಬ್ಬೊಬ್ಬರೂ ಗಂಭೀರವಾಗಿ, ಅತ್ತಿತ್ತ ನೋಡದೆ, ಕೈ ಎತ್ತಿಕೊಂಡು ಅವನ ಮುಂದೆ ನಿಧಾನವಾಗಿ ಹಾದುಹೋದೆವು.

ಮೊದಲ ಕೈಗೆ ಆತ ನಕ್ಕ. ನಾಲ್ಕಾರು ಕೈ ದಾಟುವಷ್ಟರಲ್ಲಿ ಬೀಡಿ ಎಸೆದು ಎದ್ದು ನಿಂತ. ಆಮೇಲೆ ಹೆಗಲ ಟವೆಲ್ಲು ಸರಿಮಾಡಿಕೊಂಡು ಎರಡೂ ಕೈ ಜೋಡಿಸಿದ. ಪಾತ್ರೆ ಅಂಗಡಿಯವರು ಎಂದಿನಂತೆ ಒಂದು ಫರ್ಲಾಂಗ್ ಹಿಂದಿದ್ದರು. ಅವರು ಬಂದು ಕೈ ಎತ್ತುವವರೆಗೂ ಆತ ಕೈ ಜೋಡಿಸಿಕೊಂಡೇ ನಿಂತಿದ್ದನಂತೆ.

ಮೇಷ್ಟ್ರು ವಿಷಯ ತಿಳಿದು ಕೆಂಡವಾದರು. ಆವತ್ತಿನಿಂದ ಹೊಸ ಕಾನೂನು: ನೆಂಟರಿಗೆ ಯಾರೂ ಕೈ ಎತ್ತುವ ಹಾಗಿಲ್ಲ, ರಸ್ತೆ ಪಕ್ಕ ಯಾರು ಕೈ ಎತ್ತಿದರೂ ಆ ಕಡೆ ತಿರುಗುವ ಹಾಗಿಲ್ಲ. ಈ ಕಾನೂನು ಸ್ವಲ್ಪ ನೆನಪಿರಲಿ.

ಷಡ್ಡಕ ಮುಂದಿನ ಪಂಚಾಯ್ತಿ ಚುನಾವಣೆಗೆ ನಿಂತ. ಅಷ್ಟೊಂದು ಜನ ಗುರುತು ಹಿಡಿದ ಮೇಲೆ ಮನೆಯಲ್ಲಿ ಕೂರುವುದು ಸರಿಯಲ್ಲ ಅಂದನಂತೆ. ನಮ್ಮಲ್ಲಿ ಒಬ್ಬರ ಓಟೂ ಆ ಊರಿನಲ್ಲಿರಲಿಲ್ಲ.

ಹಿಂದಿನ ವ್ಯಾನು

ಹೋದ ವರ್ಷ ನನ್ನ ಮೊದಲ ರೇಸು. ಹೊಳೆನರಸೀಪುರದವರೆಗೆ ಹಳದಿ ಬೆನ್ನಿನ ಮರೆಯಲ್ಲಿ ಸುಖವಾಗಿದ್ದೆ. ಅರಕಲಗೂಡಿನ ದಾರಿಯ ಒಂದು ಏರಿನಲ್ಲಿ ಬೆನ್ನು ಒಂದು ಮೊಳದಿಂದ ಒಂದು ಮಾರು ದೂರವಾಯಿತು. ಆಮೇಲೆ ಒಂದು ಹೊಲದಷ್ಟು. ಆಮೇಲೆ ತಿರುವಿನಲ್ಲಿ ಕಿತ್ತಲೆ ಸಿಪ್ಪೆಯಷ್ಟಾಗಿ ಹೊರಟೇ ಹೋಯಿತು. ಜುಂಯ್ ಸದ್ದು ನಿಂತಾಗ ಗಾಳಿ ಎಷ್ಟು ಜೋರಾಗಿದೆ ಅಂತ ಗೊತ್ತಾಯಿತು.

ಹಿಂದೆ ಬಿದ್ದವರನ್ನು ಹತ್ತಿಸಿಕೊಳ್ಳಲು ಒಂದು ವ್ಯಾನು ಬರುತ್ತದೆ. ಅದು ಬಂದು ನನ್ನ ಪಕ್ಕದಲ್ಲಿ ನಡಿಗೆಯ ವೇಗದಲ್ಲಿ ನಿಂತುಕೊಂಡಿತು ಅನ್ನಬಹುದು.

"ಅತ್ಕಬುಡಿ ಅಕ್ಕ," ಅಂದ ಡ್ರೈವರು. "ಇದೊಂದ್ ಏರು ಆದ್ರೆ ಆಯ್ತು ಅಂತ ಅನ್ಕಬ್ಯಾಡಿ. ಮುಂದ್ಕೆ ಇನ್ನೂ ಅವೆ."

ಒಳಗೆ ಪಾತ್ರೆ ಅಂಗಡಿಯವರು ಕಿಟಕಿ ಪಕ್ಕ ಕೂತು ಕಡ್ಲೆಪುರಿ ತಿನ್ನುತ್ತಿದ್ದರು. ತೊಡೆಯ ಮೇಲೆ ಅವರದೇ ಅಂಗಡಿಯ ತಾಮ್ರದ ಹಂಡೆ. ಗೆದ್ದವರಿಗೆ ವರ್ಷವೂ ಅವರದೇ ಹಂಡೆ ಬಹುಮಾನ. ಸೈಕಲ್ ಮೇಲೆ ತರಲಾಗದೆ ವ್ಯಾನಿನಲ್ಲಿಟ್ಟಿರುತ್ತಿದ್ದರು, ಆಮೇಲೆ ತಾವೂ ಅದರ ಜೊತೆ ಸೇರಿಕೊಳ್ಳುತ್ತಿದ್ದರು. ಇಲ್ಲಿಂದ ನೋಡೋಕೆ ಬಹಳ ಚೆನ್ನಾಗಿದೆ ಮೇಡಂ ಅಂತ ಕಿಟಕಿಯಿಂದಲೇ ಒಂದು ಹಿಡಿ ಪುರಿ ಕೊಟ್ಟರು. ತಿಂದೆ. ಹತ್ತಲಿಲ್ಲ. ಕೊನೆಗೆ ಡ್ರೈವರಿಗೆ ಹಸಿವಾಗಿ, ಕ್ಷಮಿಸಿ ಅಕ್ಕ ಅಂತ ಹೇಳಿ ಮುಂದೆ ಹೋದ. ಎಲ್ಲರಿಗಿಂತ ಹಿಂದೆ ಇರಬೇಕಾದ ವ್ಯಾನಿಗಿಂತಲೂ ನಾನು ಹಿಂದಾದೆ.

ಅರಕಲಗೂಡು ಮುಟ್ಟಿದಾಗ ಗುಂಪು ಊಟ ಮಾಡಿ ಚದುರಿತ್ತು. ಶಾಮಿಯಾನದವನೊಬ್ಬನೇ ಬಟ್ಟೆ ಮಡಿಸುತ್ತಿದ್ದ. ನಾನು ಹೆಲ್ಮೆಟ್ಟು ತೆಗೆದು, ಎಲ್ಲಿ ಮುಟ್ಟಬೇಕೋ ತಿಳಿಯದೆ, ಸುಣ್ಣದ ಗೆರೆ ಇದ್ದ ಜಾಗವನ್ನು ನೆಲದ ಮೇಲೆ ಹುಡುಕುತ್ತಿದ್ದೆ. ಅವನಿಗೆ ಪಾಪ ಅನ್ನಿಸಿತು.

"ಏನಕ್ಕ, ಏನಾರ ಕಳಕಂಡ್ರಾ?" ಅಂದ.

ನನ್ನ ಸರದಿ

ಆ ಮಾತು ವರ್ಷವೆಲ್ಲ ಕಿವಿಯಲ್ಲಿತ್ತು. ಶಾಮಿಯಾನ ಬಿಚ್ಚುವ ಮೊದಲು, ಗುಂಪಿನ ಜೊತೆಗೇ ಮುಟ್ಟಲೇಬೇಕು ಅಂತ ಹಟ ಹಿಡಿದೆ. ವಾರಕ್ಕೆರಡು ಸಲ ಒಬ್ಬಳೇ ಅಭ್ಯಾಸ. ಗುರಿಯಿಲ್ಲದೆ ಸೈಕಲ್ ತುಳಿಯಲು ಬೇಜಾರು. ಅದಕ್ಕೆ ಹೊಳೆನರಸೀಪುರ ದಾಟಿ, ಹರದನಹಳ್ಳಿ ಕಡೆಯ ಕವಲಿನಲ್ಲಿ ತಿರುಗಿ, ಚಿಕ್ಕಮ್ಮನ ತೋಟದ ಮನೆಗೆ ಹೋಗಿ, ಒಂದು ಲೋಟ ಮಜ್ಜಿಗೆ ಕುಡಿದು ಬರುತ್ತಿದ್ದೆ. ಅಷ್ಟು ತಿಂಗಳು ಹೋಗಿ ಹೋಗಿ, ಆ ಕವಲು ಬಂದರೆ ಸೈಕಲ್ಲೇ ತಿರುಗುತ್ತಿತ್ತು.

ಈ ವರ್ಷದ ರೇಸು. ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ನಾಲ್ಕೂ ಊರಿನವರು ಸೇರಿದ್ದರು. ಮಂಜೋ ಮಂಜು. ಪಾತ್ರೆ ಅಂಗಡಿಯವರು ಈ ಸಲ ವ್ಯಾನು ಹತ್ತುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟು ಬಂದಿದ್ದರು. ಹಾಸನ ದಾಟುವ ಮೊದಲೇ ಹಿಂದೆ ಬಿದ್ದರು, ಅವರ ಹಿಂದೆ ವ್ಯಾನು. ನಾನು ಮಾತ್ರ ಬೆನ್ನು ಬಿಡಲಿಲ್ಲ. ಹೊಳೆನರಸೀಪುರ ದಾಟಿತು. ಇನ್ನೂ ಗುಂಪಿನಲ್ಲೇ ಇದ್ದೆ.

ಗುಂಪಿನಲ್ಲಿ ಗಾಳಿಗೆ ಮುಖ ಕೊಡುವ ಕೆಲಸ ಸರದಿ ಪ್ರಕಾರ ಎಲ್ಲರಿಗೂ ಬರುತ್ತದೆ. ನನಗೆ ಎಂದೂ ಬಂದಿರಲಿಲ್ಲ, ಅಷ್ಟು ಹೊತ್ತು ನಾನು ಉಳಿದರೆ ತಾನೆ. ಹಳದಿ ಬೆನ್ನು ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಹಿಂದಿನಿಂದ ಮೇಷ್ಟ್ರ ದನಿ: "ಅಮ್ಮಾ, ನಿಮ್ ಸರದಿ. ಸುಮ್ನೆ ಮುಂದೆ ನೋಡ್ಕೊಂಡು ನಡೀರಿ."

ಮುಂದೆ ಏನೂ ಇರಲಿಲ್ಲ. ಬೆನ್ನಿಲ್ಲ, ಚಕ್ರವಿಲ್ಲ. ಹಾಲಿನಂಥ ಮಂಜು, ಅದರೊಳಗೆ ಕರಗಿದ ಬಿಸಿಲು, ರಸ್ತೆ ಬೇಕಾದಷ್ಟೇ ಸ್ವಲ್ಪ ಸ್ವಲ್ಪವಾಗಿ ಬಿಚ್ಚಿಕೊಳ್ಳುತ್ತಿತ್ತು. ಹಿಂದೆ ಇಡೀ ಗುಂಪಿನ ಜುಂಯ್. ಆ ಸದ್ದನ್ನೆಲ್ಲ ನಾನೇ ಸೆರಗಿಗೆ ಕಟ್ಟಿಕೊಂಡು ಎಳೆಯುತ್ತಿದ್ದೇನೆ ಅನ್ನಿಸಿ ಎದೆ ತುಂಬಿತು. ಎಲ್ಲೋ ಒಬ್ಬ ಕೆಂಪು ಬಾವುಟ ಹಿಡಿದು ಎರಡೂ ಕೈ ಎತ್ತಿ ಆಡಿಸುತ್ತಿದ್ದ. ಮೇಷ್ಟ್ರ ಕಾನೂನು ನೆನಪಾಯಿತು; ತಿರುಗಿ ನೋಡಲಿಲ್ಲ. ನನ್ನ ಹಿಂದಿನವರಾರೂ ನೋಡಲಿಲ್ಲ. ಶಿಸ್ತು ಅಂದರೆ ಶಿಸ್ತು.

ಟಾರು ಮುಗಿದು ಮಣ್ಣು ಬಂತು. ಪಕ್ಕದಲ್ಲಿ ಎಮ್ಮೆ ಬಂತು. ಹುಲ್ಲಿನ ಮೆದೆ ಬಂತು. ಅದರ ಮುಂದೆ ಚಿಕ್ಕಮ್ಮ, ಕೈಯಲ್ಲಿ ಲೋಟ ಹಿಡಿದುಕೊಂಡು.

ನಾನು ಬ್ರೇಕು ಹಾಕಿದೆ. ಹಿಂದಿನವರು ಒಬ್ಬರಾದ ಮೇಲೊಬ್ಬರು ಮಂಜಿನಿಂದ ಹೊರಬಿದ್ದು, ಅಂಗಳದಲ್ಲಿ ಒಬ್ಬರಿಗೊಬ್ಬರು ಒರಗಿ ನಿಂತರು. ಬರುತ್ತಲೇ ಇದ್ದರು. ಚಿಕ್ಕಮ್ಮ ಹೆಲ್ಮೆಟ್ಟುಗಳನ್ನೆಲ್ಲ ಒಂದು ಸುತ್ತು ನೋಡಿದರು.

"ಒಬ್ಳೇ ಬತ್ತೀಯ ಅಂತ ಒಂದೇ ಲ್ವಾಟ ಇಡ್ಕಂಡಿವ್ನಿ," ಅಂದರು. "ಇವ್ರೆಲ್ಲ ಯಾರವ್ವಾ?"

ಮೇಷ್ಟ್ರು ಸೀಟಿ ಬಾಯಿಗಿಟ್ಟರು, ಊದಲಿಲ್ಲ. ಹತ್ತಿರ ಬಂದು ಬಹಳ ಮೆಲ್ಲಗೆ, ಇದು ಯಾವ ಊರಮ್ಮ ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಚನ್ನರಾಯಪಟ್ಟಣದ ಹುಡುಗರು, ರೇಸಿನವರೇ ಇಟ್ಟ ನೀರಿನ ವ್ಯವಸ್ಥೆ ಅಂದುಕೊಂಡು, ಸಾಲಾಗಿ ನಿಂತಿದ್ದರು. ಈ ವರ್ಷ ಏರ್ಪಾಡು ಬಹಳ ಚೆನ್ನಾಗಿದೆ ಅಂತ ಹೊಗಳಿದರು ಕೂಡ. ವಿಷಯ ತಿಳಿದ ಮೇಲೆ ಓಡಲು ಹೊರಟವರನ್ನು ಚಿಕ್ಕಮ್ಮ ಬಿಡಬೇಕಲ್ಲ.

"ಮನೆಗಂಟ ಬಂದು ಅಂಗೇ ಓಗ್ತಾರಾ? ಕೂತ್ಕಳಿ."

ಮೇಷ್ಟ್ರೇ ಮೊದಲು ಕೂತರು. ಮಜ್ಜಿಗೆಯ ಹಿಂದೆ ರೊಟ್ಟಿ ಬಂತು, ರೊಟ್ಟಿಯ ಹಿಂದೆ ಹುಚ್ಚೆಳ್ಳು ಚಟ್ನಿ ಬಂತು. ಆಮೇಲೆ ದಾರಿ ಗೊತ್ತಿದ್ದವಳು ನಾನೊಬ್ಬಳೇ ಆದ್ದರಿಂದ ಮತ್ತೆ ನಾನೇ ಮುಂದೆ. ಟಾರು ರಸ್ತೆ ಸಿಕ್ಕ ಮೇಲೂ ಯಾರೂ ನನ್ನನ್ನು ದಾಟಿ ಹೋಗಲಿಲ್ಲ. ಅಷ್ಟು ರೊಟ್ಟಿ ತಿಂದ ಮೇಲೆ ಯಾರಿಗೂ ಆ ಮನಸ್ಸಿರಲಿಲ್ಲ. ಮಂಜು ಹರಿದು, ಬಿಸಿಲು ಹಿತವಾಗಿ, ಮಧ್ಯಾಹ್ನದ ನಿದ್ದೆಯಂತೆ ಇಡೀ ಗುಂಪು ಅರಕಲಗೂಡಿಗೆ ತೇಲಿ ಬಂತು.

ಶಾಮಿಯಾನದ ಒಂದು ಪಕ್ಕ ಆಗಲೇ ಇಳಿದಿತ್ತು. ಉಳಿದ ನೆರಳಿನಲ್ಲಿ ಪಾತ್ರೆ ಅಂಗಡಿಯವರು ಒಬ್ಬರೇ ಕೂತಿದ್ದರು. ಕೊರಳಲ್ಲಿ ಹಾರ, ತೊಡೆಯ ಮೇಲೆ ಅವರದೇ ಹಂಡೆ. ಮುಂದೆ ಯಾರೂ ಕಾಣಿಸದಿರುವುದು ಅವರಿಗೆ ರೂಢಿಯಾಗಿದ್ದರಿಂದ ದಾರಿಯುದ್ದಕ್ಕೂ ಯಾವ ಅನುಮಾನವೂ ಬರಲಿಲ್ಲವಂತೆ. ಹಾರ ಹಾಕಿದಾಗಲೂ ಹಂಡೆ ಕೊಟ್ಟವರಿಗೆ ಮರ್ಯಾದೆ ಮಾಡುತ್ತಿದ್ದಾರೆ ಅಂದುಕೊಂಡರಂತೆ. ಹಂಡೆಯನ್ನು ವಾಪಸ್ ಕೈಗಿಟ್ಟಾಗ ಮಾತ್ರ, ಏನು, ತೂತಾಗಿದೆಯಾ ಅಂತ ಕೇಳಿದರಂತೆ.

ನಾನು ಸುಣ್ಣದ ಗೆರೆ ದಾಟಿದೆ. ಗೆರೆ ಇನ್ನೂ ಇತ್ತು. ನನ್ನ ಹಿಂದೆ, ಒಂದು ಮೊಳ ಬಿಟ್ಟು, ಹಳದಿ ಬನಿಯನ್, ಮೇಷ್ಟ್ರು, ನಾಲ್ಕೂ ಊರಿನವರು, ಒಬ್ಬರೂ ತಪ್ಪದೆ ದಾಟಿದರು.

ಶಾಮಿಯಾನದವನು ಕಂಬ ಹೆಗಲ ಮೇಲಿಟ್ಟುಕೊಂಡು ನಿಂತಿದ್ದ. ನನ್ನ ಗುರುತು ಹಿಡಿದ. ನನ್ನನ್ನೊಮ್ಮೆ, ಹಿಂದಿದ್ದ ಅಷ್ಟೂ ಜನರನ್ನೊಮ್ಮೆ ನೋಡಿ, ಸಮಾಧಾನವಾದವನಂತೆ ತಲೆಯಾಡಿಸಿದ.

"ಅಂತೂ ಎಲ್ರೂ ಸಿಕ್ಕುದ್ರು ಅನ್ನಿ ಅಕ್ಕ."